ಶ್ರೀ ಮಾರಾಯ ಅವರಿಗೆ

ಒಬ್ಬನೇ ಕೂತು ಕೆಲಸ ಮಾಡೋ ಅಂಗಡೀಲಿ ನಗು ಬರೋ ಪ್ರಸಂಗಗಳಿಗೆ ಬರ ಇಲ್ಲ ಕಣ್ರೀ. ಜೊತೆಗೆ ನಗೋರಿಗೆ ಮಾತ್ರ ಬರ.

ಸವಳಂಗ ರಸ್ತೇಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ತಿಥಿ ಕಾರ್ಡು, ಅರ್ಜಿ, ಕರಪತ್ರ ಎಲ್ಲ ಮಾಡಿಕೊಡ್ತೀನಿ. ಇರೋದು ಎರಡು ಕುರ್ಚಿ. ಒಂದು ನನ್ನದು. ಇನ್ನೊಂದರಲ್ಲಿ ಹತ್ತು ವರ್ಷ ಕೂತಿದ್ದವನು ನನ್ನ ಗೆಳೆಯ, ಭದ್ರಾವತಿಯ ನಿವೃತ್ತ ಕನ್ನಡ ಮೇಷ್ಟ್ರು. ದಿನಾ ಬಸ್ಸಲ್ಲಿ ಬಂದು, ಕೆಂಪು ಪೆನ್ನು ಹಿಡಿದು ನನ್ನ ತಪ್ಪು ತಿದ್ದುತ್ತಿದ್ದ. ಸಂಬಳದ ಮಾತೆತ್ತಿದರೆ ಬೈಯುತ್ತಿದ್ದ. ಎರಡು ಟೀ, ಬಸ್ ಚಾರ್ಜು, ಅಷ್ಟೆ. ಅವನು ನನ್ನನ್ನ ಮಾರಾಯ ಅಂತಿದ್ದ, ನಾನು ಅವನನ್ನ ಮಾರಾಯ ಅಂತಿದ್ದೆ. ಹೆಸರು ಹಿಡಿದು ಕರೆದದ್ದು ಇಬ್ಬರಿಗೂ ನೆನಪಿಲ್ಲ.

ಎಂಟು ತಿಂಗಳ ಹಿಂದೆ ಒಂದು ಮದುವೆ ಕಾರ್ಡಿನಲ್ಲಿ "ತಮ್ಮ ಸುಖಾಗಮನ ಬಯಸುವ" ಅನ್ನೋ ಕಡೆ ದೀರ್ಘವೊಂದು ಹಾರಿಹೋಗಿ "ಸುಖಗಮನ" ಅಂತ ಅಚ್ಚಾಯಿತು. ಸುಖವಾಗಿ ಬನ್ನಿ ಅನ್ನೋದು ಸುಖವಾಗಿ ಹೊರಡಿ ಅಂತಾಯಿತು. ಹುಡುಗಿ ಅಪ್ಪ ಕಾರ್ಡಿನ ಕಟ್ಟನ್ನ ಮೇಜಿನ ಮೇಲೆ ಕುಕ್ಕಿ, "ಬರೋಕೆ ಮುಂಚೇನೇ ನೆಂಟರನ್ನ ಓಡಿಸ್ತೀಯೇನಯ್ಯಾ?" ಅಂದ. ನಾನು ಅವನೆದುರಿಗೇ ಗೆಳೆಯನ ಕಡೆ ತಿರುಗಿ, "ಕಣ್ಣು ಕಾಣದಿದ್ರೆ ಮನೇಲಿರೋದಪ್ಪ" ಅಂದುಬಿಟ್ಟೆ. ಗೆಳೆಯ ಪೆನ್ನಿಗೆ ಕ್ಯಾಪು ಹಾಕಿ, ಜೇಬಿಗಿಟ್ಟುಕೊಂಡು ಹೊರಟ. ಮತ್ತೆ ಬರಲಿಲ್ಲ. ನಾನೂ ಕರೀಲಿಲ್ಲ. ಮನೇಲಿ ಮೊದಲೇ ಒಬ್ಬನೇ ಇದ್ದೆ, ಅಂಗಡೀಲೂ ಒಬ್ಬನೇ ಆದೆ.

ಪಕ್ಕದ ಜೆರಾಕ್ಸ್ ಅಂಗಡಿಯಾಕೆ, "ಈಗ ಎಐ ಬಂದಿದೆಯಲ್ಲ, ಮಾತಾಡಿದ್ರೆ ಟೈಪ್ ಮಾಡತ್ತೆ, ತಪ್ಪೂ ಹಿಡಿಯತ್ತೆ. ಒಂದು ತಿಂಗಳು ಫ್ರೀ, ಆಮೇಲೆ ತಿಂಗಳಿಗೆ ಎರಡು ಸಾವಿರ. ಬಳಸಿ ನೋಡಿ, ಬೇಡದಿದ್ರೆ ಬಿಡಿ" ಅಂದಳು. ಖಾಲಿ ಕುರ್ಚಿಯ ಎದುರಿನ ಕಂಪ್ಯೂಟರಿಗೇ ಹಾಕಿಸಿದೆ.

೧. ಮೂರು ಚೀಲ ಅಡಿಕೆ

ಮೊದಲ ಗಿರಾಕಿ ಒಬ್ಬ ಅಡಿಕೆ ವ್ಯಾಪಾರಿ. ಹೊಳಲೂರಿನ ಭಾವನಿಗೆ ಕಾಗದ ಬರೆಸಬೇಕಿತ್ತು. "ಇದಕ್ಕೇ ಹೇಳಿ" ಅಂದೆ. ಆಸಾಮಿ ಕಂಪ್ಯೂಟರಿನ ಮುಂದೆ ಬಗ್ಗಿ, "ಮೂರು ಚೀಲ ಅಡಿಕೆ ಕಳಿಸು ಮಾರಾಯ. ಎಷ್ಟು ದಿನ ಕಾಯೋದು ಮಾರಾಯ" ಅಂತ ಕೂಗಿದ.

ಕಾಗದ ಹೊರಬಂತು: "ಮೂರು ಚೀಲ ಅಡಿಕೆಯನ್ನು ಶ್ರೀ ಮಾರಾಯ ಅವರಿಗೆ ಕಳುಹಿಸಿಕೊಡಬೇಕಾಗಿ ವಿನಂತಿ. ಶ್ರೀ ಮಾರಾಯ ಅವರು ಬಹಳ ದಿನಗಳಿಂದ ಕಾಯುತ್ತಿದ್ದಾರೆ."

ವ್ಯಾಪಾರಿ ಕಣ್ಣರಳಿಸಿದ. "ಯಾರ್ರೀ ಇವನು? ಮಾಲು ಬರೋಕೆ ಮುಂಚೇನೇ ಪಾಲಿಗೆ ಬಂದಿದಾನೆ!"

೨. ಪ್ರಶ್ನೆಗಳಿಗೆ ಉತ್ತರ

ಒಬ್ಬರು ತಮ್ಮ ತಂದೆಯ ಉತ್ತರಕ್ರಿಯೆ ಕಾರ್ಡಿಗೆ ಬಂದರು. ಅಳುಮೋರೆ, ಬೋಳಿಸಿದ ತಲೆ. ನಾನು ಎಐಗೆ, "ಉತ್ತರಕ್ರಿಯೆ, ಭಾನುವಾರ, ಮನೇಲೇ, ಊಟ ಇದೆ" ಅಂದೆ. ಕಾರ್ಡು ತಯಾರಾಯಿತು. ನಾನು ಓದದೇ ಅವರ ಕೈಗೆ ಕೊಟ್ಟೆ, ಬುದ್ಧಿವಂತ ನೋಡಿ!

"ಉತ್ತರಕ್ರಿಯೆ ಕಾರ್ಯಕ್ರಮದಲ್ಲಿ ತಮ್ಮೆಲ್ಲ ಪ್ರಶ್ನೆಗಳಿಗೆ ಸ್ಥಳದಲ್ಲೇ ಉತ್ತರ ನೀಡಲಾಗುವುದು. ಊಟದ ವ್ಯವಸ್ಥೆ ಇದೆ."

ಅವರು ಎರಡು ಸಲ ಓದಿದರು. ಕಾಲಿಗೆ ಬೀಳೋದೊಂದೇ ದಾರಿ ಅಂದುಕೊಂಡೆ. ಅವರು ಮೂಗೊರೆಸಿಕೊಂಡು, "ಇರಲಿ ಬಿಡಿ ಸಾರ್. ಅಪ್ಪ ಬದುಕಿರೋವರೆಗೂ ಯಾರು ಏನು ಕೇಳಿದ್ರೂ 'ಹೂಂ' ಅಂತಿದ್ರು, ಅಷ್ಟೇ. ಈಗಲಾದ್ರೂ ಉತ್ತರ ಕೊಡ್ತಾರೇನೋ" ಅಂದರು. ಇಬ್ಬರೂ ನಕ್ಕೆವು. ಅವರು ನಗ್ತಾ ನಗ್ತಾ ಅತ್ತುಬಿಟ್ಟರು.

ಅವರು ಹೋದಮೇಲೆ ಅಭ್ಯಾಸಬಲದಿಂದ ಪಕ್ಕದ ಕುರ್ಚಿಗೆ ತಿರುಗಿ, "ಕೇಳಿಸ್ಕೊಂಡ್ಯಾ ಮಾರಾಯ?" ಅಂದೆ.

ಎಐ ಹೇಳಿತು: "ಕೇಳಿಸಿತು. ಶ್ರೀ ಮಾರಾಯ ಅವರಿಗೂ ಒಂದು ಪ್ರತಿ ಕಳುಹಿಸಲೇ?"

೩. ಪರೀಕ್ಷೆ

ತಿಂಗಳು ಮುಗಿಯೋಕೆ ಐದು ದಿನ ಇತ್ತು. ಎರಡು ಸಾವಿರ ಕೊಡೋದೋ ಬಿಡೋದೋ? ಗೆಳೆಯನಿಗಿಂತ ಇದು ವಾಸಿಯೋ ಅಂತ ನೋಡಿಬಿಡೋಣ ಅಂತ, ಆ ಹಾಳು ಮದುವೆ ಕಾರ್ಡನ್ನೇ ಅದಕ್ಕೆ ಕೊಟ್ಟೆ. ಕಣ್ಣು ಮಿಟುಕಿಸೋದರೊಳಗೆ, "ಸುಖಗಮನ ತಪ್ಪು, ಸುಖಾಗಮನ ಆಗಬೇಕು" ಅಂತು. ನೋಡಿದ್ಯಾ, ಹತ್ತು ವರ್ಷ ಕೂತವನಿಗೆ ಕಾಣದ್ದು ಇದಕ್ಕೆ ಕಂಡಿತು ಅಂತ ಬೀಗಿದೆ.

ಗೆಳೆಯ ತಿದ್ದಿದ ಹಾಳೆಯೂ ಫೈಲಿನಲ್ಲೇ ಇರಬೇಕಲ್ಲ ಅಂತ ಹುಡುಕಿದೆ. ಸಿಕ್ಕಿತು. "ಖ" ಸುತ್ತ ದಪ್ಪ ಕೆಂಪು ಸುತ್ತು. ಪಕ್ಕದಲ್ಲಿ ಅವನ ಅಕ್ಷರ: "ದೀರ್ಘ ಹಾಕು. ನೆಂಟರನ್ನ ಓಡಿಸಬೇಡ ಮಾರಾಯ."

ಅವನು ತಿದ್ದಿದ್ದ. ಅದನ್ನ ಟೈಪ್ ಮಾಡೋಕೆ ಮರೆತವನು ನಾನು. ಆ ದಿನ ಗಿರಾಕಿ ಮುಂದೆ ನನ್ನ ಮಾನ ಉಳಿಸೋಕೆ ಬಾಯಿ ಮುಚ್ಚಿಕೊಂಡು ಎದ್ದುಹೋಗಿದ್ದ. ನನಗೆ ನನ್ನ ಮೇಲೇ ಅಸಹ್ಯ ಆಯಿತು.

ಸಿಟ್ಟೆಲ್ಲ ಎಐ ಮೇಲೆ ತೀರಿಸಿದೆ. "ನಿಂಗೆ ಎರಡು ಸಾವಿರ ಕೊಡೋದ್ರಿಂದ ನನಗೇನು ಲಾಭ? ಲೆಕ್ಕ ಹೇಳು" ಅಂದೆ. ಅದು ತಣ್ಣಗೆ ಹೇಳಿತು: "ಈ ತಿಂಗಳು ಕೆಲಸಕ್ಕಿಂತ ಹೆಚ್ಚಾಗಿ ತಾವು ಶ್ರೀ ಮಾರಾಯ ಅವರೊಂದಿಗೆ ಮಾತಾಡಿದ್ದೀರಿ. 'ಊಟ ಆಯ್ತಾ ಮಾರಾಯ', 'ಸೆಕೆ ನೋಡು ಮಾರಾಯ', 'ಹೊತ್ತೇ ಹೋಗಲ್ಲ ಮಾರಾಯ'. ಅವರನ್ನು ನೇರವಾಗಿ ಸಂಪರ್ಕಿಸಿದರೆ ಖರ್ಚು ಉಳಿಯಬಹುದು."

೪. ದೀರ್ಘ

ಅವತ್ತೇ ಒಂದು ಕಾರ್ಡು ಟೈಪ್ ಮಾಡಿದೆ. ಇದೊಂದನ್ನ ಎಐಗೆ ತೋರಿಸೋದು ಬೇಡ ಅನ್ನಿಸಿತು. "ಶ್ರೀ ಮಾರಾಯ ಅವರಿಗೆ. ತಪ್ಪು ನನ್ನದು, ನಿನ್ನ ಹಾಳೆ ಸಿಕ್ಕಿತು. ಕುರ್ಚಿ ಖಾಲಿ ಇದೆ" ಅಂತ ಬರೆದು, ಕೊನೆಗೆ ಬಾಗಿಲಿಗೆ ತೋರಣ ಕಟ್ಟೋ ಹಾಗೆ ಮದುವೆ ಕಾರ್ಡಿನ ಅದೇ ಹಳೇ ಸಾಲು ಸೇರಿಸಿದೆ. ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಅವನ ಮನೆ ಒಳಗಿಂದ ರೇಡಿಯೋ ಕೇಳ್ತಿತ್ತು. ಬಾಗಿಲು ಬಡಿಯೋಕೆ ಧೈರ್ಯ ಬರಲಿಲ್ಲ. ಕಾರ್ಡನ್ನ ಬಾಗಿಲ ಸಂದಿಗೆ ತೂರಿಸಿ ಕಳ್ಳನ ಹಾಗೆ ಓಡಿಬಂದೆ.

ಒಂದು ದಿನ ಆಯಿತು, ಮೂರು ದಿನ ಆಯಿತು. ಫೋನಿಲ್ಲ, ಆಳಿಲ್ಲ. ಕೊನೇ ದಿನ ಎಐಗೆ ದುಡ್ಡು ಕಟ್ಟಿಬಿಡೋಣ, ಹೇಳಿದ್ದನ್ನ ಅಪಾರ್ಥ ಮಾಡಿಕೊಂಡರೂ "ಊಟ ಆಯ್ತಾ" ಅಂದರೆ ಉತ್ತರವಾದರೂ ಬರತ್ತೆ ಅಂತ ಮೊಬೈಲು ಕೈಗೆತ್ತಿಕೊಂಡಿದ್ದೆ.

ಬಾಗಿಲಲ್ಲಿ ನೆರಳು ಕಂಡಿತು. ಗೆಳೆಯ! ನಮಸ್ಕಾರ ಇಲ್ಲ, ನಗು ಇಲ್ಲ. ಸೀದಾ ಬಂದು ತನ್ನ ಕುರ್ಚೀಲಿ ಕೂತ. ಜೇಬಿಂದ ನನ್ನ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಕೊನೇ ಸಾಲಿನ ಸುತ್ತ ದಪ್ಪ ಕೆಂಪು ಸುತ್ತು ಹಾಕಿದ್ದ. ಬಗ್ಗಿ ನೋಡಿದೆ: "ತಮ್ಮ ಸುಖಗಮನ ಬಯಸುವ."

ಪೆನ್ನಿನ ಕ್ಯಾಪು ತೆಗೀತಾ ಅವನು ಅಂದ: "ಬಾ ಅಂತೀಯೋ, ಹೋಗು ಅಂತೀಯೋ? ಒಂದನ್ನಾದ್ರೂ ಸರಿಯಾಗಿ ಬರಿ ಮಾರಾಯ."