ಅಕ್ಕ ಬಿಟ್ಟುಹೋದ ಬೆಕ್ಕು

ನಮ್ಮ ಮನೆಗೆ ಬೆಕ್ಕು ಬಂದಾಗಿನಿಂದ ಏನಾದರೊಂದು ಆಗುತ್ತಲೇ ಇರುತ್ತದೆ. ಆಗುವಾಗ ಅಳು ಬರುವಂತಿರುತ್ತದೆ, ಬ್ಲೌಸಿಗೆ ಅಳತೆ ಕೊಡಲು ಬಂದವರ ಮುಂದೆ ಹೇಳುವಾಗ ನಗು ಬರುತ್ತದೆ.

ನಾನು ದಾವಣಗೆರೆಯಲ್ಲಿ, ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ನಮ್ಮವರು ಮೋಟರ್ ವೈಂಡಿಂಗ್ ಅಂಗಡಿಯಲ್ಲಿದ್ದಾರೆ. ಸುಟ್ಟುಹೋದ ಪಂಪ್‌ಸೆಟ್ ಮೋಟರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ಕೆಲಸ. ಮಾತು ಬಹಳ ಕಡಿಮೆ. ಮಕ್ಕಳಿಲ್ಲ, ಮನೆಯಲ್ಲಿ ನಾವಿಬ್ಬರೇ.

ಹರಿಹರದಲ್ಲಿ ಅವರ ಅಕ್ಕ ಇದ್ದರು. ತಾಯಿ ತೀರಿಕೊಂಡಾಗ ನಮ್ಮವರು ಅಂಗಿ ಗುಂಡಿ ಹಾಕಿಕೊಳ್ಳಲೂ ಬಾರದ ಹುಡುಗ. ಸಾಕಿದ್ದೆಲ್ಲ ಅಕ್ಕನೇ. ಅವರು ಮದುವೆಯಾಗಲಿಲ್ಲ. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದರು. ಗಂಟಲು ಎಂಥದೆಂದರೆ, ಒಳಗೆ ಮಕ್ಕಳನ್ನು ಗದರಿದರೆ ಬೀದಿಯಲ್ಲಿ ಹೋಗುವವರು ಸೈಕಲ್ ಇಳಿಯುತ್ತಿದ್ದರು. ಈ ಮಳೆಗಾಲದ ಮೊದಲಲ್ಲಿ ಎದೆನೋವು ಅಂದರು, ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರು.

ನಮ್ಮವರು ಅಳಲಿಲ್ಲ. ಮಣ್ಣು ಮಾಡುವಾಗಲೂ ಅಳಲಿಲ್ಲ. ಬಂದವರೆಲ್ಲ "ಗಟ್ಟಿ ಮನುಷ್ಯ" ಅಂದರು. ಗಟ್ಟಿಯಲ್ಲ ಅಂತ ನನಗೆ ಗೊತ್ತಿತ್ತು. ಅನ್ನ ಕಲಸಿ ಹಾಗೇ ಕೂತಿರುತ್ತಿದ್ದರು. ಹೇಳಿದರೆ ಉಣ್ಣುತ್ತಿದ್ದರು, ಹೇಳದಿದ್ದರೆ ಇಲ್ಲ.

ಅಕ್ಕನ ಬಾಡಿಗೆ ಮನೆ ಖಾಲಿ ಮಾಡಿ ಬೀಗ ಹಾಕುವ ಹೊತ್ತಿಗೆ ಹೊಸ್ತಿಲ ಮೇಲೆ ಅವರ ಬೆಕ್ಕು ಕೂತಿತ್ತು. ಕಂದು ಪಟ್ಟೆಯದು, ಒಂದು ಕಿವಿ ಹರಿದಿತ್ತು. ನಮ್ಮವರು ಅದನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಇದನ್ನೂ ಕರ್ಕೊಂಡು ಹೋಗಾನ" ಅಂದರು. ಅವತ್ತು ಅವರು ಆಡಿದ ಮಾತು ಅದೊಂದೇ.

ಬಸ್ಸಿನಲ್ಲಿ

ಅಕ್ಕನ ಹಳೇ ಸೀರೆಯೊಂದರಲ್ಲಿ ಬೆಕ್ಕನ್ನು ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಸೆರಗು ಮುಚ್ಚಿ ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ನೋಡಿದರೆ ಇಳಿಸಿಬಿಡುತ್ತಾನೆ ಅಂತ ಹೆದರಿಕೆ. ಬಸ್ಸು ಹೊರಟಿದ್ದೇ ತಡ, ಒಳಗಿಂದ ಶುರುವಾಯಿತು. ಥೇಟ್ ಎಳೆ ಕೂಸಿನ ದನಿ.

ಪಕ್ಕದಲ್ಲಿ ಕೊಕ್ಕನೂರಿನ ಅಜ್ಜಿಯೊಬ್ಬರು ಕೂತಿದ್ದರು. ಕಣ್ಣಿಗೆ ಆಪರೇಷನ್ ಆಗಿ, ಹಸಿರು ಪಟ್ಟಿ ಕಟ್ಟಿತ್ತು.

"ಎಷ್ಟು ತಿಂಗಳದವ್ವಾ?"

"ವರ್ಷ ಆತಜ್ಜಿ" ಅಂದೆ. ಸುಳ್ಳಲ್ಲವಲ್ಲ.

"ಹಸಿದೈತೆ ಅದು. ಎದಿಗೆ ಹಾಕ್ಕೊಳವ್ವ."

"ಬ್ಯಾಡಜ್ಜಿ, ಊರು ಬಂತು."

"ಎಲ್ಲಿ ಬಂತು? ಕೂಸು ಹಿಂಗ ಬಾಯಿ ಬಿಡ್ತೈತೆ, ನಿನಗ ನಾಚಿಕಿನಾ?" ಅಂದವರೇ ಅಜ್ಜಿ ಎದ್ದುನಿಂತು ಇಡೀ ಬಸ್ಸಿಗೆ ಕೇಳುವಂತೆ, "ಏ, ಗಂಡಸರೆಲ್ಲ ಅತ್ಲಾಗ ತಿರುಗ್ರಪ್ಪಾ. ತಾಯಿ ಹಾಲು ಕುಡಿಸ್ತಾಳ" ಅಂದರು.

ಬಸ್ಸಿನಲ್ಲಿದ್ದ ಗಂಡಸರೆಲ್ಲ ಮಾತು ನಿಲ್ಲಿಸಿ ತಿರುಗಿದರು. ಕಂಡಕ್ಟರ್ ಕೂಡ ಟಿಕೆಟ್ ಮಷಿನ್ ಹಿಡಿದುಕೊಂಡು ಬಾಗಿಲ ಕಡೆ ತಿರುಗಿ ನಿಂತ. ತಾಯಿ ಅನ್ನುವುದು ಮದುವೆಯಾಗಿ ಇಷ್ಟು ವರ್ಷದಲ್ಲಿ ನನಗೆ ಯಾರೂ ಹೇಳದ ಮಾತು. ಏನು ಮಾಡಬೇಕೋ ತಿಳಿಯದೆ ಆಚೆ ಸಾಲಿನಲ್ಲಿದ್ದ ನಮ್ಮವರ ಕಡೆ ನೋಡಿದೆ.

ಅವರೂ ಮರ್ಯಾದೆಯಿಂದ ಕಿಟಕಿ ಕಡೆ ತಿರುಗಿ ಕೂತಿದ್ದರು.

ಚಾಚಾ ಕೊಟ್ಟ ಶಾಬಾಸ್

ನಾವಿರುವುದು ಮೊದಲ ಮಹಡಿ. ಕೆಳಗೆ ಮನೆ ಮಾಲೀಕರು, ಹಾಸಿಗೆ ಅಂಗಡಿಯವರು. ನಾವು ಅವರನ್ನು ಚಾಚಾ ಅಂತಲೂ ಅವರ ಹೆಂಡತಿಯನ್ನು ಚಾಚಿ ಅಂತಲೂ ಕರೆಯುತ್ತೇವೆ.

ಬೆಕ್ಕು ಹಗಲೆಲ್ಲ ಹೊಲಿಗೆ ಮಷಿನ್ ಕೆಳಗೆ, ಕತ್ತರಿಸಿದ ಬಟ್ಟೆಚೂರಿನ ರಾಶಿಯಲ್ಲಿ ಮಲಗಿರುತ್ತಿತ್ತು. ರಾತ್ರಿ ದೀಪ ಆರಿಸಿದ ಕೂಡಲೇ ಎದ್ದು ಬಾಗಿಲಿಗೆ ಮುಖ ಮಾಡಿ ಕೂರುತ್ತಿತ್ತು. ಮೊದಲು ಗಂಟಲಲ್ಲೇ ಸಣ್ಣಗೆ, ಆಮೇಲೆ ಎಳೆದು ಎಳೆದು ಒದರಾಟ. ಅದು ಸಾಕಾದರೆ ಅಡಿಗೆಮನೆ ಶೆಲ್ಫ್ ಹತ್ತಿ ಸ್ಟೀಲ್ ಡಬ್ಬಿ ಬೀಳಿಸುವುದು. ಹಾಲಿಟ್ಟರೆ ಕುಡಿದು ಮತ್ತೆ ಬಾಗಿಲ ಮುಂದೆ ಬಂದು ಕೂರುತ್ತಿತ್ತು. ನಮ್ಮವರು ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಇಬ್ಬರೂ ಕಾಯುತ್ತಿದ್ದದ್ದು ಒಬ್ಬರನ್ನೇ ಅಂತ ನನಗೆ ಅನಿಸುತ್ತಿತ್ತು.

ಕೆಲವು ದಿನ ಕಳೆದ ಮೇಲೆ ಬೆಳಿಗ್ಗೆ ಚಾಚಾ, ಚಾಚಿ ಇಬ್ಬರೂ ಮೇಲೆ ಬಂದರು. ಚಾಚಿಯ ಕೈಯಲ್ಲಿ ಚಹಾ ತುಂಬಿದ ಥರ್ಮಾಸ್.

"ಕೊಟ್ಟೋನೇ ತಗೊಂಡ. ಎಷ್ಟಂತ ಅಳ್ತೀ ಬೇಟಿ?" ಅಂದರು ಚಾಚಾ.

ನನಗೆ ಅರ್ಥವಾಗಲಿಲ್ಲ.

"ಗಂಡನ ಅಕ್ಕ ಸತ್ತಿದ್ದಕ್ಕ ಹಿಂಗ ರಾತ್ರಿಯೆಲ್ಲ ಅಳೋ ಹೆಣ್ಮಗಳನ್ನ ನನ್ನ ಉಮರ್‌ನಾಗೆ ನೋಡಿಲ್ಲ. ದುಃಖ ತಡೀಲಾರದೆ ಪಾತ್ರಿ ಎತ್ತಿ ಒಗೀತೀ, ಅದೂ ಕೇಳಿಸ್ತೈತೆ. ಶಾಬಾಸ್. ಆದ್ರ ಸಾಕು ಮಾಡು ಬೇಟಿ, ಆರೋಗ್ಯ ಕೆಡ್ತೈತೆ."

ಚಾಚಿ ಕಣ್ಣೊರೆಸಿಕೊಳ್ಳುತ್ತ ಥರ್ಮಾಸಿನ ಮುಚ್ಚಳ ತಿರುಗಿಸತೊಡಗಿದರು. ಅಷ್ಟರಲ್ಲಿ ಮಷಿನ್ ಕೆಳಗಿಂದ ಬೆಕ್ಕು ಹೊರಗೆ ಬಂದು, ಮೈ ಮುರಿದು, ರಾತ್ರಿಯ ರಾಗವನ್ನೇ ಒಂದು ಸಲ ಎಳೆಯಿತು.

ಚಾಚಾ ಬೆಕ್ಕನ್ನು ನೋಡಿದರು, ನನ್ನನ್ನು ನೋಡಿದರು. ಚಾಚಿ ಥರ್ಮಾಸಿನ ಮುಚ್ಚಳವನ್ನು ಮತ್ತೆ ಬಿಗಿ ಮಾಡಿದರು.

ಡಾಕ್ಟರ್ ಹೇಳಿದ ಆಟ

ದನದ ಆಸ್ಪತ್ರೆಗೆ ಒಯ್ದು ತೋರಿಸಿದೆವು. ಡಾಕ್ಟರಮ್ಮ ಮೈಯೆಲ್ಲ ಮುಟ್ಟಿ ನೋಡಿ, "ರೋಗ ಏನೂ ಇಲ್ರಿ. ಹೊಸ ಜಾಗ, ಹಳೇ ಮನುಷ್ಯರಿಲ್ಲ. ಸಂಜಿ ಮುಂದ ಚೆನ್ನಾಗಿ ಆಟ ಆಡಿಸ್ರಿ, ದಣಿದು ಮಲಗ್ತೈತೆ. ಮಲಗೋಕೆ ಮುಂಚೆ ಊಟ ಹಾಕ್ರಿ" ಅಂದರು.

ನಮ್ಮವರು ಯಾವ ಕೆಲಸ ಹಿಡಿದರೂ ಮನಸ್ಸಿಟ್ಟು ಮಾಡುವವರು. ತಾಮ್ರದ ತಂತಿಯ ತುದಿಗೆ ನನ್ನ ಕೆಂಪು ಬಟ್ಟೆಚೂರು ಕಟ್ಟಿ ಒಂದು ಕೋಲು ಮಾಡಿದರು. ಅಂಗಡಿಯಿಂದ ಬಂದು ಕೈಕಾಲು ತೊಳೆದು, ಪೂಜೆಗೆ ಕೂರುವವರ ಹಾಗೆ ಬೆಕ್ಕಿನ ಎದುರು ಕೂತು ಕೋಲು ಆಡಿಸಿದರು. ಬೆಕ್ಕು ಅಲುಗಲಿಲ್ಲ. ಇವರು ಎದ್ದು ಓಡಾಡುತ್ತ ಆಡಿಸಿದರು. ಬೆಕ್ಕು ತಲೆ ಮಾತ್ರ ತಿರುಗಿಸಿತು. ಕೊನೆಗೆ, ಹೇಗೆ ಹಿಡಿಯಬೇಕು ಅಂತ ತೋರಿಸಿಕೊಡಲು ಇವರೇ ಮಂಡಿಯೂರಿ, ಮಂಚದ ಕೆಳಗೆ ನುಗ್ಗಿ, ಆ ಕೆಂಪು ಬಟ್ಟೆಯ ಮೇಲೆ ಎರಡೂ ಕೈ ಹಾಕಿ ಹಾರಿದರು.

ಮದುವೆಗೆ ಬ್ಲೌಸ್ ಹೊಲಿಯಲು ಕೊಟ್ಟಿದ್ದ ಟೀಚರೊಬ್ಬರು ಆಗಲೇ ಬಾಗಿಲಲ್ಲಿ ನಿಂತಿದ್ದರು. ಮಂಚದ ಮೇಲೆ ಬೆಕ್ಕು ಕಾಲು ಮಡಚಿ ಗಂಭೀರವಾಗಿ ಕೂತಿತ್ತು. ಮಂಚದ ಕೆಳಗಿಂದ ನಮ್ಮವರ ಎರಡು ಪಾದ ಕಾಣುತ್ತಿದ್ದವು.

ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದರು: "ಅಕ್ಕ ತೀರಿಕೊಂಡ ಮ್ಯಾಲಿಂದ ಹಿಂಗೇನ್ರಿ?"

ಆ ರಾತ್ರಿ ದಣಿದು ಮಲಗಿದ್ದು ನಮ್ಮವರು. ಬೆಕ್ಕಲ್ಲ.

ಹರಿಹರದ ಪಕ್ಕದ ಮನೆಯವರು

ಚಾಚಾ ಇನ್ನೊಮ್ಮೆ ಬಂದರು, ಈ ಸಲ ಒಬ್ಬರೇ. ಕೂರಲಿಲ್ಲ.

"ಊರಿಗೆಲ್ಲ ಹಾಸಿಗಿ ಮಾರೋನು ನಾನು. ನನಗೇ ನಿದ್ದಿ ಇಲ್ಲಂದ್ರ ಹೆಂಗೆ? ಚಾಚಿಗೆ ಬಿಪಿ ಐತೆ. ಊರಾಚೆ ಬಾತಿಯಾಗ ನಮ್ಮ ಹತ್ತಿ ಗೋಡೌನ್ ಐತಲ್ಲ, ಅಲ್ಲಿ ಇಲಿ ಕಾಟ. ಈ ಶುಕ್ರವಾರ ಬೆಕ್ಕನ್ನ ಅಲ್ಲಿ ಬಿಟ್ಟು ಬರ್ತೀನಿ. ಬ್ಯಾರೆ ತಿಳ್ಕೋಬ್ಯಾಡ್ರಿ."

ಬೇರೆ ತಿಳಿದುಕೊಳ್ಳಲು ಏನಿತ್ತು? ಅವರು ಎಷ್ಟೋ ದಿನ ತಾಳಿಕೊಂಡಿದ್ದರು. ನಮ್ಮವರು "ಆಗ್ಲಿ ಚಾಚಾ" ಅಂದರು. ಚಾಚಾ ಮೆಟ್ಟಿಲಿಳಿದ ಮೇಲೆ, ಎದುರಿಗಿದ್ದ ತಟ್ಟೆ ಸರಿಸಿ ಅಂದರು: "ಅಕ್ಕಂದು ಅಂತ ಉಳಿದದ್ದು ಅದೊಂದೇ."

ಮರುದಿನ ಮಷಿನ್ ಮುಚ್ಚಿ ಹರಿಹರಕ್ಕೆ ಹೋದೆ. ಅಕ್ಕನ ಪಕ್ಕದ ಮನೆಯವರನ್ನು ಕೇಳಿದೆ, "ಇಲ್ಲಿ ಅದು ರಾತ್ರಿ ಹೆಂಗೆ ಮಲಗ್ತಿತ್ತು?"

"ಬೈದ್ರೆ ಮಲಗ್ತಿತ್ತು" ಅಂದರು ಆಕೆ.

"ಏನು?"

"ಹೂಂ ಮತ್ತ. ನಿಮ್ಮ ಅಕ್ಕ ದಿನಾ ದೀಪ ಆರ್ಸೋಕೆ ಮುಂಚೆ ಅದಕ್ಕೊಂದು ಸುತ್ತು ಬೈತಿದ್ರು. ಬೈಸ್ಕೊಂಡ ಮ್ಯಾಲೆ ಅದು ಸುತ್ತಿಕೊಂಡು ಮಲಗೋದು. ಊರಿಗೆ ಹೋದ ದಿನ ನನಗ ಹೇಳಿ ಹೋಗ್ತಿದ್ರು, 'ಒಂದೀಟು ಬೈದುಬಿಡವ್ವಾ' ಅಂತ."

"ಹೆಂಗೆ ಬೈತಿದ್ರು?"

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಅಕ್ಕನ ದನಿಯಲ್ಲೇ ಎತ್ತಿದರು: "ಲೇ ಮಳ್ಳಾ! ಇಡೀ ದಿನ ಊರು ಸುತ್ತಿ ಬಂದು ಈಗ ಮುಸುಡಿ ತೋರಿಸ್ತೀಯಾ? ತಿನ್ನೋಕೆ ಮಾತ್ರ ಮನಿ ಬೇಕು ನಿನಗೆ! ಬಿದ್ಕೋ ಅತ್ಲಾಗ!"

ಒಳಗೆ ಟಿವಿ ಸದ್ದು ನಿಂತಿತು. ಆಕೆಯ ಗಂಡ ಬಾಗಿಲಿಗೆ ಬಂದು, ಕೈ ಕಟ್ಟಿಕೊಂಡು ಹೇಳಿದರು:

"ಪ್ಯಾಟಿಗೆ ಹೋಗಿದ್ದೆ ಅಷ್ಟೇ. ಬ್ಯಾರೆ ಎಲ್ಲೂ ಹೋಗಿಲ್ಲ."

ಬೈದ ರಾತ್ರಿ

ಆ ರಾತ್ರಿ ಮೊದಲು ನಾನೇ ಬೈದೆ. ಕೇಳಿಬಂದದ್ದನ್ನು ಅಕ್ಷರ ಬಿಡದೆ ಒಪ್ಪಿಸಿದೆ. ಬೆಕ್ಕು ನನ್ನತ್ತ ನೋಡಲೂ ಇಲ್ಲ. ಅಲ್ಮೆರಾ ಹಿಂದೆ ಹೋಗಿ ಸೇರಿಕೊಂಡು ಅಲ್ಲಿಂದಲೇ ಶುರುಮಾಡಿತು. ಬಟ್ಟೆ ಅಳೆಯುವ ಕಟ್ಟಿಗೆ ಸ್ಕೇಲು ತಗೊಂಡು ಮೆಲ್ಲಗೆ ತಿವಿದು ಈಚೆಗೆ ಬರಿಸಿದೆ. "ನನ್ನ ಕೈಲಿ ಆಗಲ್ಲ. ನೀವು ಬೈರಿ" ಅಂದೆ.

ನಮ್ಮವರು ಜೀವಮಾನದಲ್ಲಿ ಒಬ್ಬರಿಗೂ ಬೈದವರಲ್ಲ. ಬೆಕ್ಕಿನ ಮುಂದೆ ನಿಂತು, ಎರಡು ಸಲ ಬಾಯಿ ತೆರೆದು ಮುಚ್ಚಿ, ಕೊನೆಗೆ "ಮಲ್ಕೊಳ್ರಿ" ಅಂದರು.

"ಅದಕ್ಕೆ ಮರ್ಯಾದೆ ಕೊಡ್ತೀರಾ? ಅಕ್ಕ ನಿಮಗೆ ಹೆಂಗೆ ಬೈತಿದ್ರು? ಹಂಗೆ ಬೈರಿ."

ಅವರು ಲುಂಗಿ ಎತ್ತಿ ಕಟ್ಟಿಕೊಂಡರು. ಆಮೇಲೆ ಎಲ್ಲಿಂದಲೋ ಬಂತು ದನಿ. ಅದು ಅವರದಾಗಿರಲಿಲ್ಲ.

"ಲೇ ಮಳ್ಳಾ! ಎಷ್ಟು ಸಲ ಹೇಳ್ಬೇಕು ನಿನಗೆ? ಉಂಡ್ಯಾ? ಕಾಲು ತೊಳ್ಕೊಂಡ್ಯಾ? ಅವ್ವ ಅವ್ವ ಅಂತ ಅತ್ರೆ ಅವ್ವ ಬರ್ತಾಳೇನೋ? ನಾನಿಲ್ಲೇನು? ನಾಳೆ ನಾನೂ ಸತ್ರೆ ಯಾರು ನೋಡ್ತಾರೋ ನಿನ್ನ? ಗುಂಡಿ ಹಾಕ್ಕೊಳ್ಳೋಕೆ ಬರಲ್ಲ, ಅಳೋಕೆ ಬರ್ತೈತೆ! ಬಿದ್ಕೋ ಅಂದ್ರೆ ಬಿದ್ಕೋ!"

ಬೆಕ್ಕು ಬಾಯಿ ಮುಚ್ಚಿತು. ಅವರ ಪಾದದ ಹತ್ತಿರ ಬಂದು, ಒಂದು ಸುತ್ತು ಸುತ್ತಿ, ಬಾಲದಿಂದ ಮೂಗು ಮುಚ್ಚಿಕೊಂಡು ಮಲಗಿಬಿಟ್ಟಿತು. ನಮ್ಮವರಿಗೆ ನಿಲ್ಲಿಸಲಾಗಲಿಲ್ಲ. ಮಲಗಿದ ಬೆಕ್ಕಿಗೆ ಬೈಯುತ್ತಲೇ ಇದ್ದರು. ಬೈಯುತ್ತ ಬೈಯುತ್ತ ದನಿ ಒಡೆದು, ಗೋಡೆಗೆ ಒರಗಿ, ಚಿಕ್ಕ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಅಕ್ಕ ಹೋದ ಮೇಲೆ ಅದೇ ಮೊದಲು. ಅಂತೂ ಅತ್ತರಲ್ಲ ಅಂತ ನನ್ನ ಎದೆಯ ಭಾರ ಇಳಿದು, ಏನಾಯಿತೋ, ನನಗೆ ನಗು ಬಂದುಬಿಟ್ಟಿತು. ತಡೆಯಲಾಗದ ನಗು.

ಬಾಗಿಲು ದಬದಬ ಬಡಿದ ಸದ್ದಾಯಿತು. ನಾನೇ ತೆಗೆದೆ. ಚಾಚಾ, ಚಾಚಿ. ಬೈಗುಳ ಕೇಳಿ, ನನ್ನನ್ನು ಕಾಪಾಡಲು ಓಡಿಬಂದಿದ್ದರು. "ಹೆದರಬ್ಯಾಡ ಬೇಟಿ, ನಾವಿದ್ದೀವಿ" ಅನ್ನುತ್ತಲೇ ಒಳಗೆ ಕಾಲಿಟ್ಟ ಚಾಚಿ ಅಲ್ಲೇ ನಿಂತರು. ಗಂಡ ಗೋಡೆಗೆ ಒರಗಿ ಅಳುತ್ತಿದ್ದಾನೆ. ಹೆಂಡತಿ ಕೈಯಲ್ಲಿ ಕಟ್ಟಿಗೆ ಸ್ಕೇಲು ಹಿಡಿದು ನಗುತ್ತಿದ್ದಾಳೆ.

ಚಾಚಿ ಮೆಲ್ಲಗೆ ನನ್ನ ಕೈಯಿಂದ ಸ್ಕೇಲು ತಗೊಂಡು ಬೆನ್ನ ಹಿಂದೆ ಇಟ್ಟುಕೊಂಡರು. "ಹಂಗಲ್ಲ ಚಾಚಿ" ಅಂತ ಹೇಳಹೋದೆ, ನಗುವಿಗೆ ಮಾತು ಹೊರಡಲಿಲ್ಲ. ನಮ್ಮವರಿಗೆ ಅಳುವಿಗೆ ಹೊರಡಲಿಲ್ಲ.

ಚಾಚಾ ನಮ್ಮವರ ಹೆಗಲ ಮೇಲೆ ಕೈ ಹಾಕಿ, ಮೂಲೆಗೆ ಕರೆದೊಯ್ದು, ನನಗೆ ಕೇಳಿಸಬಾರದು ಅಂದುಕೊಂಡು, ಆದರೆ ಕೇಳಿಸುವಷ್ಟೇ ಜೋರಾಗಿ ಹೇಳಿದರು:

"ಬೆಕ್ಕನ್ನ ಎಲ್ಲೂ ಕಳಿಸಬ್ಯಾಡಪ್ಪ, ಇಲ್ಲೇ ಇಟ್ಕೋ. ಈ ಮನ್ಯಾಗ ನಿನ್ನ ಕಡೆಗೂ ಒಂದು ಜೀವ ಇರಲಿ."