ತೆಂಗಿನ ಸೀಮೆಯಲ್ಲಿ ಫಿಸಿಕ್ಸ್ ಮೇಡಂ

ತಿಪಟೂರಿನ ಕಾಲೇಜೊಂದರಲ್ಲಿ ನಾನು ಫಿಸಿಕ್ಸ್ ಹೇಳಿಕೊಡುತ್ತೇನೆ. ಪಾಠ ಕ್ಲಾಸಿನೊಳಗೇ ಉಳಿದರೆ ತೊಂದರೆಯಿಲ್ಲ. ಆದರೆ ಅದು ಬಸ್ ಸ್ಟ್ಯಾಂಡಿಗೆ, ತೋಟಕ್ಕೆ, ಮಕ್ಕಳ ಜೊತೆ ಅವರವರ ಅಡಿಗೆಮನೆಗೆ ಹೋಗಿ ಏನಾದರೊಂದು ಫಜೀತಿ ಮಾಡಿಕೊಂಡೇ ವಾಪಸ್ ಬರುತ್ತದೆ. ಇದುವರೆಗೂ ಯಾರಿಗೂ ಪೆಟ್ಟಾಗಿಲ್ಲ, ಅದೇ ಪುಣ್ಯ.

ಹೋದ ಬಸ್ಸು

ಚಿಕ್ಕನಾಯಕನಹಳ್ಳಿಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ನಡೆಸಬೇಕಿತ್ತು. ನಾನು ಹೋಗದೆ ಅಲ್ಲಿ ಪರೀಕ್ಷೆ ಶುರುವಾಗುವಂತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕಾಲೇಜಿನ ಫಿಲಾಸಫಿ ಮೇಷ್ಟ್ರು ಸಿಕ್ಕಿದರು. ಅವರದೂ ನನ್ನದೇ ಎಂಟೂವರೆ ಬಸ್ಸು.

"ಮೇಡಂ, ಕಾಲ ಹರೀತದೆ ಅನ್ನೋದೇ ಭ್ರಮೆ ಕಣ್ರೀ. ಹಿಂದಿನದು, ಮುಂದಿನದು ಎಲ್ಲಾ ಒಟ್ಟಿಗೇ ಇದೆ. ನಾವು ಒಂದೊಂದಾಗಿ ನೋಡ್ತೀವಿ ಅಷ್ಟೆ" ಅಂದರು.

ನಾನು ಬಿಡುತ್ತೇನೆಯೇ? ಬಿಸಿ ಕಾಫಿ ತಣ್ಣಗಾಗುತ್ತೆ, ತಣ್ಣಗಿರೋದು ತಾನಾಗೇ ಬಿಸಿಯಾಗಲ್ಲ, ಆದ್ದರಿಂದ ಕಾಲಕ್ಕೆ ದಿಕ್ಕಿದೆ ಅಂತ ಕೈಯಲ್ಲಿದ್ದ ಲೋಟವನ್ನೇ ಸಾಕ್ಷಿ ಹಿಡಿದು ವಾದಕ್ಕಿಳಿದೆ. ಕಾಫಿ ಆರಿತು. ತಲೆಯೆತ್ತಿ ನೋಡಿದರೆ ಚಿಕ್ಕನಾಯಕನಹಳ್ಳಿ ಬೋರ್ಡಿನ ಬಸ್ಸು ಗೇಟು ದಾಟುತ್ತಿದೆ!

ಇಬ್ಬರೂ ಕೂಗಿಕೊಂಡು ಓಡಿದೆವು. ಬಸ್ಸು ನಿಲ್ಲಲಿಲ್ಲ. ವಿಚಾರಣೆ ಕಿಟಕಿಗೆ ಹೋಗಿ, "ಎಂಟೂವರೆ ಬಸ್ಸು ಹೋಗ್ಬುಡ್ತಲ್ರೀ, ಏನ್ ಮಾಡ್ಲಿ?" ಅಂತ ಅಳುವ ದನಿಯಲ್ಲಿ ಕೇಳಿದೆ.

"ಅದು ಏಳೂವರೆದು ಕಣಮ್ಮ, ಲೇಟಾಗಿ ಹೋಯ್ತು. ಎಂಟೂವರೆದು ಇನ್ನೇನು ಬತ್ತದೆ, ನಿಂತ್ಕಳಿ" ಅಂದರು ಕಿಟಕಿಯವರು.

ಹೋದ ಜೀವ ಬಂತು. ಮೇಷ್ಟ್ರು ಬೆವರು ಒರೆಸಿಕೊಂಡು ಗಂಭೀರವಾಗಿ ಹೇಳಿದರು: "ನೋಡಿದ್ರಾ? ಕಾಲ ಭ್ರಮೆ ಅಂತ ಡಿಪೋದವರಿಗೆ ನನಗಿಂತ ಮುಂಚೆನೇ ಗೊತ್ತು!"

ಭಾವನ ಕುರ್ಚಿ

ನನ್ನ ಅತ್ತೆಮನೆ ತುರುವೇಕೆರೆ ಹತ್ತಿರದ ಹಳ್ಳಿ. ಒಂದು ಭಾನುವಾರ ಊಟವಾದ ಮೇಲೆ ನನ್ನ ಗಂಡನ ಅಣ್ಣ ತೆಂಗಿನಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿದ್ದರು.

"ಎದ್ದೇಳ್ಲಾ, ಕಾಯಿ ಬಿದ್ರೆ ಏನ್ಲಾ ಗತಿ?" ಅಂತ ಅತ್ತೆ ಗದರಿದರು.

ನಾನು ಸುಮ್ಮನಿರಬಾರದಿತ್ತೆ? ಇಷ್ಟು ದೊಡ್ಡ ತೋಟದಲ್ಲಿ ಸರಿಯಾಗಿ ಅದೇ ಗಳಿಗೆಗೆ, ಅದೇ ಕುರ್ಚಿಯ ಮೇಲೆ ಕಾಯಿ ಬೀಳುವ ಸಂಭವ ಬಹಳ ಅಪರೂಪ ಅಂತ ಲೆಕ್ಕ ಸಮೇತ ವಿವರಿಸಿದೆ.

"ಕೇಳಿಸ್ಕಳವ್ವ, ಓದಿರೋಳು ಹೇಳ್ತಾವ್ಳೆ" ಅಂತ ಭಾವ ಖುಷಿಪಟ್ಟು, ಒಂದು ಲೋಟ ಮಜ್ಜಿಗೆ ಕುಡಿದು ಬರೋಣವೆಂದು ಒಳಗೆ ಬಂದರು. ಹಿಂದೆಯೇ ಧೊಪ್!

ಕುರ್ಚಿ ಸೀಳಿಹೋಗಿತ್ತು. ಅತ್ತೆ ಮಗನ ತಲೆಯನ್ನು ಸವರಿ ಸವರಿ ನೋಡಿ, ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ದೇವರಿಗೆ ಕೈಮುಗಿದರು. ಭಾವ ಮಾತ್ರ ಇನ್ನೊಂದು ಕುರ್ಚಿ ತಂದು ಅದೇ ಜಾಗಕ್ಕೆ ಹಾಕಿದರು.

"ಅಪರೂಪಕ್ಕೆ ಒಂದು ಬೀಳ್ತದೆ ಅಂದ್ಯಲ್ಲಮ್ಮ, ಅದು ಬಿದ್ದಾಯ್ತು. ಇನ್ನು ನಿಶ್ಚಿಂತೆ!"

ಅತ್ತೆ ನನ್ನ ಕಡೆ ತಿರುಗಿದರು: "ಇವನಿಗೆ ಹೇಳಿಕೊಟ್ಟಿದ್ದು ಸಾಕು. ಇನ್ನು ಆ ಮರಕ್ಕೊಂದು ಪಾಠ ಮಾಡ್ಬುಡವ್ವ."

ಎಲ್ಲಿಯ ಚಿಟ್ಟೆ

ಹಾಲ್ಕುರಿಕೆಯಲ್ಲಿ ಒಮ್ಮೆ ವಿಜ್ಞಾನದ ಬಗ್ಗೆ ಮಾತಾಡಲು ಕರೆದಿದ್ದರು. ಹವಾಮಾನ ಎಷ್ಟು ಸೂಕ್ಷ್ಮ ಅಂದರೆ ಎಲ್ಲೋ ದೂರದ ದೇಶದಲ್ಲಿ ಚಿಟ್ಟೆ ರೆಕ್ಕೆ ಬಡಿದರೂ ಇಲ್ಲಿ ಮಳೆಯ ದಾರಿ ಬದಲಾಗಬಹುದು ಅಂದೆ. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತರು. ಬೈಯುತ್ತಾರೇನೋ ಅಂದುಕೊಂಡೆ.

"ಮೇಡಮ್ಮೋರೆ, ಆ ಚಿಟ್ಟೆ ಯಾವ ದೇಶದ್ದು ಅಂತ ಸರಿಯಾಗಿ ಹೇಳ್ಬುಡಿ" ಅಂದರು ಅವರು, "ನಮ್ಮ ಎಮ್ಮೆಲ್ಲೆ ಕೈಲಿ ಒಂದು ಮಾತು ಹೇಳಿಸ್ತೀವಿ."

ಅಜ್ಜಿಯ ದೂರು

ನನ್ನ ಕ್ಲಾಸಿನಲ್ಲಿ ಅರಳಗುಪ್ಪೆಯ ಹುಡುಗಿಯೊಬ್ಬಳಿದ್ದಾಳೆ, ಬಹಳ ಚುರುಕು. ಒಂದು ಬೆಳಗ್ಗೆ ಅವಳ ಅಜ್ಜಿ ಸೀದಾ ಸ್ಟಾಫ್ ರೂಮಿಗೆ ಬಂದರು. ಹಿಂದೆ ಹುಡುಗಿ, ಅತ್ತು ಕೆಂಪಾದ ಕಣ್ಣು.

"ಬೆಕ್ಕನ್ನ ಡಬ್ಬಕ್ಕಾಕಿ, ವಿಷ ಇಟ್ಟು, ಮುಚ್ಚಳ ಮುಚ್ಚೋಳು ನೀನೇ ಏನವ್ವ?"

ಹುಡುಗಿ ಹಿಂದಿನ ಸಂಜೆ ಕ್ವಾಂಟಂ ಪಾಠವನ್ನು ಗಟ್ಟಿಯಾಗಿ ಓದಿಕೊಂಡಿದ್ದಳಂತೆ. ಡಬ್ಬದೊಳಗಿನ ಬೆಕ್ಕು, ತೆಗೆದು ನೋಡುವವರೆಗೂ ಸತ್ತೂ ಇದೆ, ಬದುಕಿಯೂ ಇದೆ ಅನ್ನುವ ಪಾಠ.

"ಇಂಥ ಪಾಪದ ಕೆಲ್ಸ ಮಾಡೋ ಕಾಲೇಜು ನಮಗೆ ಬ್ಯಾಡ. ಟೀಸಿ ಕೊಡಿಸ್ಬುಡಿ" ಅಂದರು ಅಜ್ಜಿ. ಹುಡುಗಿ ಮತ್ತೆ ಬಿಕ್ಕಿದಳು. ಅವಳ ಓದೇ ನಿಂತುಹೋಗುತ್ತದಲ್ಲ ಅಂತ ನನಗೂ ಗಾಬರಿಯಾಯಿತು.

ಅಜ್ಜಿಗೆ ಅರ್ಥವಾಗುವ ಹಾಗೆ ಹೇಳಬೇಕಲ್ಲ. "ಅಜ್ಜಿ, ನಿಮ್ಮ ಅಟ್ಟದ ಮೇಲೆ ಕೊಬ್ಬರಿ ಆಗೋಕೆ ಕಾಯಿ ಹಾಕಿರ್ತೀರಲ್ಲ, ಒಡೆಯೋ ತನಕ ಒಳಗೆ ಕೊಬ್ಬರಿ ಆಗಿದ್ಯೋ ಕೊಳೆತಿದ್ಯೋ ಗೊತ್ತಾಗ್ತದಾ? ಇದೂ ಹಂಗೇ."

"ಯಾಕೆ ಗೊತ್ತಾಗಲ್ಲ? ಕಿವಿ ಹತ್ರ ಹಿಡ್ಕಂಡು ಅಲ್ಲಾಡಿಸಿದ್ರೆ ಆಗಿರೋ ಕೊಬ್ಬರಿ ಗೊಟಗೊಟ ಅಂತದೆ. ನೀವೂ ಡಬ್ಬ ಅಲ್ಲಾಡಿಸಿ, ಬದುಕಿದ್ರೆ ಮಿಯಾವ್ ಅನ್ನಲ್ವಾ?"

ಸ್ಟಾಫ್ ರೂಮಿಗೆ ಸ್ಟಾಫ್ ರೂಮೇ ಬಗ್ಗಿ ನಗು ನುಂಗಿಕೊಂಡಿತು. ಕೊನೆಗೆ ಅಜ್ಜಿಯ ಕೈಹಿಡಿದು ಲ್ಯಾಬಿಗೆ ಕರೆದುಕೊಂಡು ಹೋದೆ. ಬೀರು ತೆಗೆದು ತೋರಿಸಿದೆ, ಪೆಟ್ಟಿಗೆಗಳನ್ನೆಲ್ಲ ತೋರಿಸಿದೆ. "ಬೆಕ್ಕೂ ಇಲ್ಲ, ವಿಷವೂ ಇಲ್ಲ ಅಜ್ಜಿ. ಎಲ್ಲಾ ಬರೀ ಯೋಚನೆ."

ಅಜ್ಜಿ ಮೇಜಿನ ಕೆಳಗೂ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟರು. "ಸದ್ಯ! ಇಲ್ದಿರೋ ಬೆಕ್ಕಿಗೆ ಇಷ್ಟು ರಾಮಾಯಣನಾ? ಓದ್ಕಳ್ಳೇ ಮಗ, ಬತ್ತೀನಿ" ಅಂತ ಮೊಮ್ಮಗಳ ಕೆನ್ನೆ ಒರೆಸಿದರು. ಹುಡುಗಿ ನಕ್ಕಳು. ನನಗೂ ಎದೆ ಹಗುರಾಯಿತು.

ಬಾಗಿಲು ದಾಟಿದ ಅಜ್ಜಿ ತಿರುಗಿ ಬಂದು ನನ್ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು:

"ಇನ್ನು ಮುಂದೇನಾದ್ರೂ ನಿಜವಾಗಿ ಬೆಕ್ಕು ತರಿಸಿದ್ರೆ ನಂಗೊಂದು ಕೊಡವ್ವ. ಅಟ್ಟದಾಗೆ ಇಲಿ ಕಾಟ ವಿಪರೀತ. ಆದ್ರೆ ಪೂರ್ತಿ ಬದುಕಿರೋದೇ ನೋಡಿ ಕೊಡು."