ಶುಕ್ರವಾರ ಬಿರಿಯಾನಿ ತಿಂದ ಕ್ರಿಸ್ತಾಂವ

ಸಿಟ್ಟು ಬರಿಸುವ ಮಾತುಗಳಲ್ಲೂ ದರ್ಜೆಗಳಿವೆ. ನನ್ನನ್ನು ದಡ್ಡ ಎಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಹದಿನೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟವನಿಗೆ ಆ ಬಿರುದು ತಾನಾಗಿಯೇ ಬರುತ್ತದೆ. ಮಹಾ ಸೋಮಾರಿ ಎಂದರೂ ಸಹಿಸಿಯೇನು, ಹೆಂಡತಿ ದಿನಕ್ಕೆರಡು ಸಲ ಅನ್ನುತ್ತಾಳೆ. ಆದರೆ ‘ನೀನು ಖರೇ ಕ್ರಿಸ್ತಾಂವ ಅಲ್ಲ’ ಎಂದು ಒಬ್ಬ ಕ್ರಿಸ್ತಾಂವ ಇನ್ನೊಬ್ಬ ಕ್ರಿಸ್ತಾಂವನಿಗೆ ಹೇಳಿದರೆ ಆಗುವ ಉರಿ ಇದೆಯಲ್ಲ, ಅದಕ್ಕೆ ಹೊನ್ನಾವರದ ಯಾವ ಡಾಕ್ಟರರ ಬಳಿಯೂ ಮದ್ದಿಲ್ಲ. ಹೇಳಿದವರು ಬಾಯಲ್ಲಿ ಹುರಿದ ಇಸೋಣ ಮೀನಿನ ತುಂಡು ಇಟ್ಟುಕೊಂಡು ಹೇಳಿದರಂತೂ ಕೇಳುವುದೇ ಬೇಡ.

ಹೇಳಿದವರು ನನ್ನ ಅಕ್ಕನ ಗಂಡ, ಕುಮಟೆಯ ಮಿಂಗೇಲ ಭಾವ. ಮುಂಬಯಿಯಲ್ಲಿ ಇಪ್ಪತ್ತು ವರ್ಷ ಟೇಲರಿಕೆ ಮಾಡಿ ಒಂದು ಕರಿ ಕೋಟು, ಒಂದು ಹೊಲಿಗೆ ಯಂತ್ರ ಮತ್ತು ಕಂಡವರ ಅಳತೆ ತೆಗೆಯುವ ಚಾಳಿ, ಈ ಮೂರನ್ನು ಸಂಪಾದಿಸಿಕೊಂಡು ಊರಿಗೆ ಮರಳಿದವರು. ಇಗರ್ಜಿಯಲ್ಲಿ ಯಾರು ತಡವಾಗಿ ಬಂದರು, ಯಾರು ಒಂದೇ ಮಂಡಿಯೂರಿದರು, ಯಾರ ಹೆಂಡತಿಯ ತಲೆಯ ಮೇಲೆ ಸೆರಗು ನಿಲ್ಲಲಿಲ್ಲ ಎಂಬುದೆಲ್ಲ ಅವರಿಗೆ ಗೊತ್ತು. ಇದನ್ನೆಲ್ಲ ನೋಡುತ್ತ ಅವರು ಪ್ರಾರ್ಥನೆ ಯಾವಾಗ ಮಾಡುತ್ತಾರೆ ಎಂಬುದು ಮಾತ್ರ ನನಗೆ ಇಂದಿಗೂ ತಿಳಿದಿಲ್ಲ.

ಅಕ್ಕನಿಗೆ ಮದುವೆಯಾಗಿ ಹನ್ನೊಂದು ವರ್ಷ ಮಕ್ಕಳಿರಲಿಲ್ಲ. ಆಕೆ ಹೊರದ ಹರಕೆಯಿಲ್ಲ, ಹಚ್ಚದ ಮೇಣದ ಬತ್ತಿಯಿಲ್ಲ. ಕೊನೆಗೆ ಬಸುರಾದಾಗ ನನ್ನನ್ನು ಕರೆಸಿ, ‘ಇನಾಸ, ನಮಗೆ ಅಪ್ಪ ಇಲ್ಲ, ಆಯಿ ಇಲ್ಲ. ಮಗುವನ್ನ ಜ್ಞಾನಸ್ನಾನಕ್ಕೆ ನೀನೇ ಎತ್ತಿಕೊಳ್ಳಬೇಕು. ಧರ್ಮದ ಅಪ್ಪ ನೀನೇ’ ಎಂದಳು. ನನಗೂ ಮಕ್ಕಳಿಲ್ಲ. ಆ ಮಾತು ಕೇಳಿದ ದಿನದಿಂದ ನಾನು ತರಗತಿಯಲ್ಲಿ ಯಾರಿಗೂ ಬೆತ್ತ ಎತ್ತಲಿಲ್ಲ ಎಂದರೆ ನನ್ನ ಸಂತೋಷ ಎಷ್ಟಿತ್ತು ಎಂದು ನೀವೇ ಊಹಿಸಿ. ಗಂಡುಮಗು ಹುಟ್ಟಿತು. ಅದೇ ವಾರ ನಾನು ಭಟಕಳದಲ್ಲಿ ಬಿರಿಯಾನಿ ತಿಂದೆ.

ಆಗ ನನಗೆ ಭಟಕಳದಲ್ಲಿ ಕೆಲಸ, ಹೆಂಡತಿ ಊರಲ್ಲಿ. ಜೊತೆಯ ಮಾಸ್ತರರಾದ ಇಸ್ಮಾಯಿಲ್ ಸಾಹೇಬರ ಮಗಳ ಮದುವೆ, ಅದೂ ಶುಕ್ರವಾರ. ಶುಕ್ರವಾರ ನಮಗೆ ಮಾಂಸ ನಿಷಿದ್ಧ. ಅನ್ನ, ಸಿಹಿ ಉಂಡು ಎದ್ದುಬಿಡೋಣ ಎಂದುಕೊಂಡೇ ಹೋದೆ. ಅಲ್ಲಿ ಒಂದು ದೊಡ್ಡ ಹರಿವಾಣದ ಸುತ್ತ ಆರು ಜನ ಕೂತು ಒಟ್ಟಿಗೆ ಉಣ್ಣುವ ಪದ್ಧತಿ. ಸಾಹೇಬರು ನನ್ನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಒಳಗಿನಿಂದ ಅವರ ತಾಯಿ ಹೇಳಿ ಕಳಿಸಿದ್ದರು: ‘ಮಾಸ್ತರರ ಕಡೆ ಒಳ್ಳೇ ತುಂಡು ಹಾಕಿ, ಜ್ವರದಲ್ಲಿ ಬಡವಾಗಿದ್ದಾರೆ.’ ಹಿಂದಿನ ಮಳೆಗಾಲ ನನಗೆ ವಿಷಮಜ್ವರ ಬಂದು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಬಿದ್ದಿದ್ದಾಗ ಹದಿನೆಂಟು ದಿನ ಗಂಜಿ ಕಳಿಸಿದ ತಾಯಿ ಅವರು. ಈಗ ನೀವೇ ಹೇಳಿ, ನಾನು ಏಳಬೇಕಿತ್ತೇ? ಎದ್ದಿದ್ದರೆ ಮನುಷ್ಯನಾಗಿ ಉಳಿಯುತ್ತಿದ್ದೆನೇ? ತಿಂದೆ. ಚೆನ್ನಾಗಿಯೂ ಇತ್ತು, ಸುಳ್ಳೇಕೆ ಹೇಳಲಿ.

ಅದೇ ಮದುವೆಗೆ ಬಂದಿದ್ದ ಕುಮಟೆಯ ಬೀಡಿ ವ್ಯಾಪಾರಿಯೊಬ್ಬ ಇದನ್ನು ನೋಡಿದ. ಶರಾವತಿಗೆ ಆಗ ಸೇತುವೆ ಇರಲಿಲ್ಲ. ಜನ ಲಾಂಚಿಗಾಗಿ ಗಂಟೆಗಟ್ಟಲೆ ಕಾಯುತ್ತಿದ್ದರು. ಚಾಡಿ ಮಾತ್ರ ಯಾವ ಲಾಂಚಿಗೂ ಕಾಯದೆ ಹೊಳೆ ದಾಟಿ ಭಾವನ ಕಿವಿ ಸೇರಿತ್ತು.

ಮುಂದಿನ ಶುಕ್ರವಾರ ರಜೆ ಸಿಕ್ಕಿತೆಂದು ಮಗುವನ್ನು ನೋಡಲು ಕುಮಟೆಗೆ ಹೋದೆ. ಭಾವ ಊಟಕ್ಕೆ ಕೂತಿದ್ದರು. ನಮ್ಮ ಮನೆಮಾತು ಕೊಂಕಣಿ. ಆದರೆ ಜಗಳವನ್ನು ಭಾವ ಕನ್ನಡದಲ್ಲೇ ಆಡುವುದು, ಪಕ್ಕದ ಮನೆಯವರಿಗೂ ನ್ಯಾಯ ತಿಳಿಯಲಿ ಎಂದು.

‘ಎಂತ ಮಾಸ್ತರ, ಹೋದ ಶುಕ್ರವಾರ ಯಾವ ಊಟ ಆತು?’

‘ದೋಸ್ತರ ಮಗಳ ಮದುವೆ ಇತ್ತು ಭಾವಾ. ಕರೆದ್ರು, ಹೋದೆ.’

‘ಹೋಗೂದಕ್ಕೆ ಯಾರು ಬೇಡ ಅಂದ್ರು? ತಿಂದೆಯಾ ಇಲ್ಲವಾ, ಅಷ್ಟು ಹೇಳು.’

‘ತಿಂದೆ.’

‘ಆತಲ್ಲ ಮತ್ತೆ. ನೀ ಖರೇ ಕ್ರಿಸ್ತಾಂವ ಅಲ್ಲ. ನನ್ನ ಮಗನ್ನ ನಿನ್ನ ಕೈಯಲ್ಲಿ ಕೊಡೂದಿಲ್ಲ ನಾನು.’

ಇಷ್ಟು ಹೇಳಿದವರ ಬಟ್ಟಲಲ್ಲಿ ಇಸೋಣದ ಮೂರು ತುಂಡು, ಪಕ್ಕದಲ್ಲಿ ಸಿಗಡಿ ಸುಕ್ಕ, ಲೋಟದಂಥ ಪಾತ್ರೆಯಲ್ಲಿ ಬಳಚು ಚಿಪ್ಪಿಮೀನಿನ ಸಾರು. ಇದು ಅವರ ಶುಕ್ರವಾರದ ಪ್ರಾಯಶ್ಚಿತ್ತ. ‘ಹಾಗಾದ್ರೆ ಇದು ಎಂತ ಭಾವಾ?’ ಎಂದೆ. ‘ಮೀನು’ ಎಂದರು. ‘ಮೀನಿಗೆ ಜೀವ ಇಲ್ಲವಾ?’ ‘ಜೀವ ಉಂಟು. ಆದ್ರೆ ಮಾಂಸ ಅಲ್ಲ’ ಎಂದು, ಮಾತಿಗೆ ಸಾಕ್ಷಿಯೆಂಬಂತೆ ಎರಡನೆಯ ತುಂಡಿಗೆ ಕೈ ಹಾಕಿದರು.

ನನಗೆ ಮೈಯೆಲ್ಲ ಬೆಂಕಿ. ಮೀನು ಕಾಣದ ಊರಿನವರು ಮಾಂಸ ಬಿಟ್ಟರೆ ಅದು ತ್ಯಾಗ, ಒಪ್ಪುತ್ತೇನೆ. ಕುಮಟೆಯಲ್ಲಿ ಅದೆಂಥ ತ್ಯಾಗ? ಶುಕ್ರವಾರ ಬೆಳಗಾಯಿತೆಂದರೆ ಈ ಮಹಾತ್ಯಾಗಿ ಚೀಲ ಹಿಡಿದು ರಸ್ತೆಯ ತಿರುವಿನಲ್ಲಿ ನಿಂತು, ಕಾಗಾಲದ ಕಡೆಯಿಂದ ಮೀನಿನ ಬುಟ್ಟಿ ಹೊತ್ತು ಬರುವ ಹೆಂಗಸರನ್ನು ಪೇಟೆ ಮುಟ್ಟುವ ಮೊದಲೇ ಅಡ್ಡಹಾಕುತ್ತಾರೆ. ಹೊಟ್ಟೆ ಬಿರಿಯುವಷ್ಟು ಮೀನು ತಿಂದು ತೇಗಿದವರು ಖರೇ ಕ್ರಿಸ್ತಾಂವ, ಒಬ್ಬ ಮುದುಕಿಯ ಮನಸ್ಸು ನೋಯಬಾರದೆಂದು ನಾಲ್ಕು ತುತ್ತು ಉಂಡವನು ಧರ್ಮಭ್ರಷ್ಟ! ನಾಲ್ಕಲ್ಲ, ಸ್ವಲ್ಪ ಹೆಚ್ಚೇ ಇರಬಹುದು. ಆದರೂ ಇದು ಯಾವ ಊರಿನ ನ್ಯಾಯ?

ಪಾದ್ರಿಗಳ ಬಳಿ ಹೋಗಿ ಪಾಪನಿವೇದನೆ ಮಾಡಿಕೊಂಡೆ. ಅವರು ಎಲ್ಲ ಕೇಳಿ, ‘ತಿನ್ನು ಅಂತ ಬಲವಂತ ಮಾಡಿದ್ರಾ?’ ಎಂದರು. ‘ಇಲ್ಲ ಫಾದರ್, ಪ್ರೀತಿ ಮಾಡಿದ್ರು’ ಎಂದೆ. ‘ಹಾಗಾದ್ರೆ ಮೂರು ನಮೋ ಮರಿಯ ಪ್ರಾರ್ಥನೆ ಹೇಳು. ಊಟ ಹಾಕಿದವರ ಹೆಸರಲ್ಲಿ ಒಂದು ಸೇರಿಸಿ ಹೇಳು’ ಎಂದರು. ಇದನ್ನು ಭಾವನಿಗೆ ತಿಳಿಸಿದರೆ, ‘ಅವರಿಗೆ ಇನ್ನೂ ಸಣ್ಣ ಪ್ರಾಯ’ ಎಂದುಬಿಟ್ಟರು.

ಕೊನೆಗೆ ಕೈಹಿಡಿದವಳು ಅಕ್ಕ. ಬಾಣಂತನ ಮುಗಿಸಿ ಅಡಿಗೆಮನೆಗೆ ಬಂದ ಮೊದಲ ಶುಕ್ರವಾರ ಆಕೆ ಗಂಡನಿಗೆ ಬಡಿಸಿದ್ದು ಗಂಜಿ ಮತ್ತು ಒಂದು ಉಪ್ಪಿನ ಮಾವಿನಮಿಡಿ. ‘ಖರೇ ಕ್ರಿಸ್ತಾಂವರಿಗೆ ಇಷ್ಟು ಸಾಕು. ಮೀನು ಬೇಕಾದ್ರೆ ಮಗುವನ್ನ ಎತ್ತಿಕೊಳ್ಳೂಕೆ ನನ್ನ ತಮ್ಮನ್ನ ಕರೀರಿ’ ಎಂದಳಂತೆ. ಎರಡನೆಯ ಶುಕ್ರವಾರವೂ ಗಂಜಿ ಬಂತು. ಮೂರನೆಯ ಶುಕ್ರವಾರ ಬರುವ ಮೊದಲೇ ನನಗೆ ಕಾಗದ ಬಂತು: ಭಾನುವಾರ ಜ್ಞಾನಸ್ನಾನ, ಬೇಗ ಬಾ.

ಗೆದ್ದ ಸಂಭ್ರಮದಲ್ಲಿ ಶಾಲೆಯಲ್ಲಿ ಎಲ್ಲರಿಗೂ ಹೇಳಿದೆ, ಇಸ್ಮಾಯಿಲ್ ಸಾಹೇಬರಿಗೂ ಹೇಳಿದೆ, ಲೋಕಾರೂಢಿಯಂತೆ ‘ನೀವೂ ಬನ್ನಿ’ ಎಂದೆ. ಅವರು ಬಂದೇಬಿಟ್ಟರು. ಇಗರ್ಜಿಯ ಮೆಟ್ಟಿಲ ಮೇಲೆ ನಾನು ಹೊಸ ಅಂಗಿ ತೊಟ್ಟು, ಮಗುವನ್ನೆತ್ತಿಕೊಂಡು, ಕುಮಟೆಯ ಕ್ರಿಸ್ತಾಂವರೆಲ್ಲರ ನಡುವೆ ನಿಂತಿದ್ದೆ. ಗೇಟಿನ ಹೊರಗೆ ಬಿಸಿಲಲ್ಲಿ ಸಾಹೇಬರು, ತಲೆಯ ಮೇಲೆ ಟೊಪ್ಪಿ, ಕೈಯಲ್ಲಿ ಬಟ್ಟೆ ಕಟ್ಟಿದ ಮಿಠಾಯಿ ಡಬ್ಬಿ. ಒಳಗೆ ಬರಬಹುದೋ ಬಾರದೋ ತಿಳಿಯದೆ ನನ್ನನ್ನೇ ಹುಡುಕುತ್ತಿದ್ದರು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು, ‘ಅವರು ಯಾರು? ನಿಮ್ಮ ಕಡೆಯವರಾ?’ ಎಂದಳು. ಬೆನ್ನ ಹಿಂದೆ ಭಾವ ಇದ್ದರು. ಮಗು ನನ್ನ ಕೈಯಲ್ಲಿತ್ತು. ಬಿರಿಯಾನಿಯ ಮಾತು ಮತ್ತೆ ಎದ್ದರೆ ಈ ಕೈ ಖಾಲಿಯಾದೀತು ಎಂಬ ಭಯ ಹುಟ್ಟಿತು.

‘ಗೊತ್ತಿಲ್ಲ, ಎಂತದೋ ಕೆಲಸಕ್ಕೆ ಬಂದವರಿರಬೇಕು’ ಎಂದೆ.

ಭಾವ ಮೆಟ್ಟಿಲಿಳಿದು ಗೇಟಿಗೆ ಹೋದದ್ದನ್ನು ಕಂಡೆ. ಏನೋ ಕೇಳಿದರು, ಸಾಹೇಬರು ನನ್ನ ಕಡೆ ಬೆರಳು ಮಾಡಿದರು. ಇನ್ನು ಮುಗಿಯಿತು ಎಂದುಕೊಂಡೆ. ಭಾವ ಅವರ ಕೈಯ ಡಬ್ಬಿ ತಾವು ಹಿಡಿದುಕೊಂಡು, ‘ಬನ್ನಿ ಬನ್ನಿ, ಇಷ್ಟು ದೂರದಿಂದ ಬಂದು ಹೊರಗೆ ಎಂತಕ್ಕೆ ನಿಲ್ತ್ರಿ?’ ಎನ್ನುತ್ತ ಕರೆತಂದು ಮೊದಲ ಬೆಂಚಿನಲ್ಲೇ ಕೂರಿಸಿದರು. ಹಾಗೇ ನನ್ನ ಕಿವಿಯ ಬಳಿ ಬಂದು, ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ, ಕೊಂಕಣಿಯಲ್ಲಿ ಹೇಳಿದರು: ‘ನೀ ತಿಂದದ್ದು ತಪ್ಪೇ, ಅದು ಬೇರೆ ಮಾತು. ಉಂಡ ಮನೆಯವರ ಗುರುತು ಸಿಗಲಿಲ್ಲವಾ ನಿನಗೆ?’

ಜ್ಞಾನಸ್ನಾನದಲ್ಲಿ ಪಾದ್ರಿಗಳು ಮಗುವಿಗೆ ಪ್ರಶ್ನೆ ಕೇಳುತ್ತಾರೆ. ಸೈತಾನನನ್ನು ತೊರೆಯುತ್ತೀಯಾ, ಅವನ ಕೆಲಸಗಳನ್ನು ತೊರೆಯುತ್ತೀಯಾ ಎಂದು. ಮಗುವಿಗೆ ಮಾತು ಬರುವುದಿಲ್ಲವಾದ್ದರಿಂದ ಎತ್ತಿಕೊಂಡವನು ಅದರ ಪರವಾಗಿ ‘ತೊರೆಯುತ್ತೇನೆ’ ಎನ್ನಬೇಕು. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಅಂದೆ. ಪುಣ್ಯಕ್ಕೆ ಪಾದ್ರಿಗಳು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ನನ್ನ ಪರವಾಗಿ ಉತ್ತರ ಹೇಳಲು ಮಿಂಗೇಲ ಭಾವನನ್ನೇ ಕರೆಯಬೇಕಾಗುತ್ತಿತ್ತು.